ನೂರು ಆಡಿನವನಿಗೆ ನೆರವು, ಎರಡು ಆಡಿನವನಿಗೆ?

ಆಡು ಮುಟ್ಟದ ಸೊಪ್ಪಿಲ್ಲ ಎಂಬುದು ನಮ್ಮವರ ಹಳೆಯ ಗಾದೆ. ಬಡವನ ಆಡನ್ನು ಮಾತ್ರ ಸರಕಾರದ ಸಹಾಯಧನ ಮುಟ್ಟುತ್ತಿಲ್ಲ.

ಅಂಜನಾದ್ರಿಯ ಬುಡದ ಹನುಮನಹಳ್ಳಿಯಿಂದ ಹಿಡಿದು ಗಂಗಾವತಿಯ ಅಕ್ಕಿ ಗಿರಣಿಗಳವರೆಗೆ, ಹೊಲವಿಲ್ಲದ ಕೂಲಿಕಾರನ ಮನೆಯಲ್ಲಿ ಎರಡು ಆಡು ಎಂದರೆ ಕಷ್ಟಕಾಲದ ಗಂಟು. ಮಗಳ ಶಾಲೆಗೂ ಮುದುಕಿಯ ಔಷಧಿಗೂ ಅದೇ ಆಧಾರ.

2021ರಲ್ಲಿ ಹೊಸ ರೂಪ ಪಡೆದ ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್, ಆಡು ಸಾಕಣೆಯ ಬಂಡವಾಳಕ್ಕೆ ಶೇಕಡಾ 50 ಸಹಾಯಧನ ಕೊಡುತ್ತದೆ. ಕೇಳಲು ಚೆನ್ನ. ಆದರೆ ಅದರ ಅತಿ ಚಿಕ್ಕ ಘಟಕಕ್ಕೇ 100 ಹೆಣ್ಣಾಡು, 5 ಹೋತ ಬೇಕು. ಅದಕ್ಕೆ 10 ಲಕ್ಷ ರೂಪಾಯಿಯವರೆಗೆ ನೆರವು. 500 ಆಡು, 25 ಹೋತ ಕಟ್ಟಬಲ್ಲವನಿಗೆ 50 ಲಕ್ಷ! ಗಿರಣಿಯಲ್ಲಿ ಮೂಟೆ ಹೊರುವವನು ನೂರು ಆಡನ್ನು ಎಲ್ಲಿ ಕಟ್ಟಬೇಕು?

ದೊಡ್ಡ ಹಿಂಡಾದರೆ ಇಳುವರಿ ಹೆಚ್ಚು ಎಂದು ಕೆಲವರು ವಾದಿಸುತ್ತಾರೆ. ನಾವು ಒಪ್ಪುವುದಿಲ್ಲ. ಒತ್ತೊತ್ತಾಗಿ ಕೂಡಿದಲ್ಲಿ ರೋಗವೂ ಬೇಗ ಹಬ್ಬುತ್ತದೆ. ಆಡಿನ ಆರೋಗ್ಯ ಆರೈಕೆಯಲ್ಲಿದೆ. ಹುಟ್ಟಿದ ಮರಿಗೆ ಒಂದು ತಾಸಿನೊಳಗೆ ಗಿಣ್ಣುಹಾಲು ಕುಡಿಸಬೇಕು. ಮಲಗುವ ನೆಲ ಒಣಗಿರಬೇಕು. ಗದ್ದೆಯ ನಿಂತ ನೀರಿನಲ್ಲಿ ಬಸವನಹುಳು ಇರುತ್ತದೆ, ಅದರಿಂದ ಯಕೃತ್ತಿಗೆ ಹುಳು ತಗಲುತ್ತದೆ, ಅಲ್ಲಿ ಮೇಯಿಸಬಾರದು. ಮಳೆಗಾಲದ ಮುಂಚೆಯೂ ನಂತರವೂ ಜಂತಿನ ಔಷಧಿ ಹಾಕಿಸಬೇಕು. ಗಿರಣಿಯ ತೌಡು ಒಳ್ಳೆಯ ಮೇವು. ಆದರೆ ಮಿತಿ ಮೀರಿದರೆ ಹೊಟ್ಟೆ ಕೆಡುತ್ತದೆ. ಒಂದೇ ಹೋತವನ್ನು ವರ್ಷಗಟ್ಟಲೆ ಇಟ್ಟರೆ ತನ್ನ ಮರಿಗಳನ್ನೇ ಕೂಡಿ ಸಂತತಿ ಸೊರಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಇವುಗಳಲ್ಲಿ ಯಾವುದಕ್ಕೆ ಲಕ್ಷಾಂತರ ರೂಪಾಯಿ ಬೇಕು?

ಬಡವನ ಕೈ ಮೀರಿದ್ದು ಪಿ.ಪಿ.ಆರ್. ಎಂಬ ಆಡಿನ ಪ್ಲೇಗು. ಕೊಟ್ಟಿಗೆಯನ್ನೇ ಬರಿದು ಮಾಡುವ ಈ ರೋಗಕ್ಕೆ ಲಸಿಕೆ ನಮ್ಮ ದೇಶದಲ್ಲೇ ತಯಾರಾಗುತ್ತದೆ. ಜಗತ್ತಿನಿಂದಲೇ ಅದನ್ನು 2030ರೊಳಗೆ ಅಳಿಸುವ ಗುರಿಯೂ ಇದೆ. ಎರಡು ಆಡಿನ ಮನೆಗಳು ತಪ್ಪಿಹೋದರೆ ಆ ಗುರಿ ಮುಟ್ಟುವುದು ಹೇಗೆ?

ಒಂದು ಘಟಕದ 10 ಲಕ್ಷವನ್ನು 50 ಮನೆಗಳಿಗೆ ಹಂಚಿದರೆ ಮನೆಗೆ 20 ಸಾವಿರ ಬರುತ್ತದೆ. ಆ ದುಡ್ಡು ತಿರುಗುವುದು ಊರಿನ ಕಿರಾಣಿ ಅಂಗಡಿಯಲ್ಲಿ, ನಮ್ಮ ಸಂತೆಯಲ್ಲಿ. ಆದ್ದರಿಂದ ಇದು ಕೂಲಿಕಾರನ ಬೇಡಿಕೆಯಷ್ಟೇ ಅಲ್ಲ, ಸಣ್ಣ ವ್ಯಾಪಾರಿಯದೂ ಹೌದು.

ನಮ್ಮ ಒತ್ತಾಯ ಮೂರು: ಐದು ಆಡಿನ ಘಟಕಕ್ಕೂ ಸಹಾಯಧನ ಸಿಗಲಿ, ಕೂಲಿಯವನು ಮನೆಯಲ್ಲಿರುವ ರಜಾ ದಿನ ಲಸಿಕೆ ಓಣಿಗೆ ಬರಲಿ, ಸಂತೆಯಲ್ಲಿ ಕೈಯಂದಾಜಿನ ಬದಲು ತಕ್ಕಡಿಯಲ್ಲಿ ತೂಗಿ ಮಾರಾಟವಾಗಲಿ. ಗ್ರಾಮಸಭೆಗಳಲ್ಲಿ ಎದ್ದು ನಿಂತು ಇದನ್ನು ಕೇಳಿರಿ. ಕೇಳದವನ ಪಾಲಿಗೆ ಯಾವ ಯೋಜನೆಯೂ ಬಂದದ್ದಿಲ್ಲ.