ಎರಡು ದಿನದ ಕಾಲಾವಕಾಶ

ಏಳು ತಿಂಗಳಿಗೇ ಹೆರಿಗೆ ನೋವು ಕಾಣಿಸಿಕೊಂಡರೆ ಅದನ್ನು ಮುಂದೂಡಲು ಆಸ್ಪತ್ರೆಯಲ್ಲಿ ಕೊಡುವ ಮಾತ್ರೆಯನ್ನು ನೆಚ್ಚಬಹುದಾದದ್ದು ಸುಮಾರು ಎರಡು ದಿನದ ಮಟ್ಟಿಗೆ ಮಾತ್ರ. ಆದರೆ ನೋವು ನಿಂತಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ, ಬಸುರಿಯನ್ನು ಊರಿಗೆ ಕರೆದೊಯ್ಯುತ್ತಾರೆ. ಹಾಗೆ ಕೊಡುವ ಐಸಾಕ್ಸುಪ್ರಿನ್ ಮಾತ್ರೆಯ ಚೀಟಿ ವಾರಗಟ್ಟಲೆ ಮುಂದುವರಿಯುವುದೂ ನಮ್ಮಲ್ಲಿ ಹೊಸದಲ್ಲ.

ಈ ಬಗೆಯ ಔಷಧಗಳು ಗರ್ಭಕೋಶವನ್ನು ಸಡಿಲಿಸುವುದರ ಜೊತೆಗೆ ತಾಯಿಯ ಎದೆಬಡಿತವನ್ನೂ ಏರಿಸುತ್ತವೆ. ಇದೇ ಜಾತಿಯ ಟರ್ಬುಟಲಿನ್‌ನಿಂದ ಹೃದಯಕ್ಕೆ ತೊಂದರೆಯಾಗಿ ತಾಯಂದಿರು ಸತ್ತ ಪ್ರಕರಣಗಳನ್ನು ಕಂಡು, ಅಮೆರಿಕದ ಔಷಧ ನಿಯಂತ್ರಕರು 2011ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟರು. 2013ರಲ್ಲಿ ಯುರೋಪ್ ಐಸಾಕ್ಸುಪ್ರಿನ್ ಸೇರಿದಂತೆ ಈ ಗುಂಪಿನ ಮಾತ್ರೆಗಳನ್ನು ಹೆರಿಗೆ ಮುಂದೂಡಲು ಬಳಸುವುದನ್ನೇ ನಿಲ್ಲಿಸಿತು. ಚುಚ್ಚುಮದ್ದಿಗೆ 48 ಗಂಟೆಯ ಮಿತಿ ಹಾಕಿತು. ಈಗ ಹೆಚ್ಚಾಗಿ ಕೊಡುವ, ಮೂಲತಃ ಬಿಪಿ ಮಾತ್ರೆಯಾದ ನಿಫೆಡಿಪಿನ್ ಕೂಡ ಅಷ್ಟು ಹೊತ್ತು ಗಳಿಸಿಕೊಡಲೆಂದೇ ಇರುವುದು. ಸೋಂಕು, ವಿಪರೀತ ರಕ್ತಸ್ರಾವ ಇದ್ದಲ್ಲಿ ಹೆರಿಗೆಯನ್ನು ಮುಂದೂಡುವುದೇ ತಪ್ಪು.

ಹೀಗೆ ಗಳಿಸಿದ ಎರಡು ದಿನ ಬೇಕಿರುವುದು ಮಗುವಿನ ಶ್ವಾಸಕೋಶ ಬಲಿಯಲು. ತಾಯಿಗೆ ಸ್ಟೀರಾಯ್ಡ್ ಕೊಟ್ಟರೆ ದಿನ ತುಂಬದ ಮಗುವಿನ ಉಸಿರಾಟದ ಕಷ್ಟ ಕಡಿಮೆಯಾಗುತ್ತದೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿಕೊಟ್ಟರು. ನಮ್ಮಲ್ಲಿ ಕೊಡುವುದು ಅಗ್ಗದ ಡೆಕ್ಸಾಮೆಥಾಸೋನ್: 6 ಮಿಲಿಗ್ರಾಂನಂತೆ ನಾಲ್ಕು ಇಂಜೆಕ್ಷನ್, 12 ಗಂಟೆಗೊಂದು. ಮೊದಲನೆಯದು ಇವತ್ತು ಬೆಳಿಗ್ಗೆ ಎಂಟಕ್ಕೆ ಬಿದ್ದರೆ ಕೊನೆಯದು ನಾಳೆ ರಾತ್ರಿ ಎಂಟಕ್ಕೆ. ಗರ್ಭಕ್ಕೆ 24ರಿಂದ 34 ವಾರವಾಗಿದ್ದು ಹೆರಿಗೆ ನೋವು ಬಂದರೆ ದಾದಿ (ಎಎನ್‌ಎಂ) ಕೂಡ ಮೊದಲ ಇಂಜೆಕ್ಷನ್ ಕೊಡಬಹುದೆಂದು ಕೇಂದ್ರ ಸರ್ಕಾರ 2014ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬೆಳಗಾವಿಯ ತಾಯಂದಿರೂ ಪಾಲ್ಗೊಂಡಿದ್ದ, ವಿಶ್ವ ಆರೋಗ್ಯ ಸಂಸ್ಥೆಯ ಐದು ದೇಶಗಳ ಅಧ್ಯಯನದಲ್ಲಿ ಈ ಇಂಜೆಕ್ಷನ್ ಪಡೆದವರ ಶಿಶುಗಳ ಸಾವು ಕಡಿಮೆಯಾದದ್ದು 2020ರಲ್ಲಿ ವರದಿಯಾಯಿತು. ನೆನಪಿಡಬೇಕು, ಅದು ನಡೆದದ್ದು ಹಸುಗೂಸುಗಳ ಆರೈಕೆಗೆ ಸೌಲಭ್ಯವಿದ್ದ ಆಸ್ಪತ್ರೆಗಳಲ್ಲಿ.

ಆದ್ದರಿಂದ ಮಾತ್ರೆ ಕೊಟ್ಟ ಗಳಿಗೆಯಿಂದಲೇ ಇನ್ನೆರಡು ಕೆಲಸ ಶುರುವಾಗಬೇಕು: ಇಂಜೆಕ್ಷನ್, ಮತ್ತು ನವಜಾತ ಶಿಶು ಘಟಕವಿರುವ ಆಸ್ಪತ್ರೆಗೆ ಸಾಗಣೆ. ಹೆತ್ತ ಮೇಲೆ ಒಂದೂವರೆ ಕಿಲೋ ತೂಕದ ಕೂಸನ್ನು ಟವೆಲಿನಲ್ಲಿ ಸುತ್ತಿ ಓಡುವುದಕ್ಕಿಂತ, ಅದು ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ಸಾಗಿಸುವುದು ಎಷ್ಟೋ ಸುರಕ್ಷಿತ. ದೊಡ್ಡಾಸ್ಪತ್ರೆಗೆ ಬರೆದುಕೊಡುವ ಪ್ರತಿ ಚೀಟಿಯಲ್ಲೂ ಸ್ಟೀರಾಯ್ಡ್ ಕೊಟ್ಟ ವೇಳೆಯನ್ನು ನಮೂದಿಸುವುದನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಲಿ. ಚೀಟಿಯಲ್ಲಿ ಅದು ಕಾಣದಿದ್ದರೆ ಜೊತೆಗಿರುವ ಅಮ್ಮನೋ ಗಂಡನೋ ಆಶಾ ಕಾರ್ಯಕರ್ತೆಯೋ ಅಲ್ಲೇ ಕೇಳಲಿ: ಮಗುವಿನ ಶ್ವಾಸಕೋಶಕ್ಕೆ ಇಂಜೆಕ್ಷನ್ ಕೊಟ್ಟಿದ್ದೀರಾ, ಎಷ್ಟು ಹೊತ್ತಿಗೆ?