ಮೂಗಿಲ್ಲದ ಜೀಪು

ಚಕ್ಕಡಿಯಲ್ಲಿ ಹೇರು ಹೇರಬಲ್ಲ ರೈತನಿಗೆ ಯಂತ್ರಶಾಸ್ತ್ರದ ಮೊದಲ ಪಾಠವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಭಾರ ತೀರ ಮುಂದೆ ಬಿದ್ದರೆ ನೊಗವು ಎತ್ತಿನ ಹೆಗಲನ್ನು ಅಮುಕುತ್ತದೆ. ತೀರ ಹಿಂದೆ ಬಿದ್ದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ತಿಕೋಟಾ, ಬಬಲೇಶ್ವರಗಳ ಕಡೆಯಿಂದ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಬಂಡಿ ಕಟ್ಟಿಕೊಂಡು ಬರುತ್ತಿದ್ದ ಹಿರಿಯರು ಈ ಲೆಕ್ಕವನ್ನು ಕಾಗದದ ಮೇಲೆ ಬರೆದವರಲ್ಲ. ಎತ್ತಿನ ನಡಿಗೆಯನ್ನು ನೋಡಿಯೇ ಅರಿತವರು. ಹಳೆಯ ಜೀಪನ್ನು ಸಣ್ಣ ಲಾರಿಯನ್ನಾಗಿ ಮಾಡಹೊರಟವನಿಗೂ ಬೇಕಾಗುವುದು ಇದೇ ಲೆಕ್ಕ. ಆದರೆ ಎತ್ತು ನೋವನ್ನು ತೋರಿಸಿಕೊಳ್ಳುತ್ತದೆ. ಯಂತ್ರವು ಅಪಘಾತವಾಗುವವರೆಗೂ ಬಾಯಿ ಬಿಡುವುದಿಲ್ಲ.

ಜೀಪು ಹುಟ್ಟಿದ್ದು ಹೊರೆ ಹೊರುವುದಕ್ಕಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಮಿಗಿಲಾಗಿ ತಯಾರಿಸಿದ ಈ ಪುಟ್ಟ ವಾಹನದ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವಣ ಅಂತರ 80 ಅಂಗುಲ ಮಾತ್ರ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹರಿಯುವುದರಿಂದ, ಮಳೆ ಬಿದ್ದು ಎರೆಮಣ್ಣು ಅಂಟಾದಾಗಲೂ ಅದು ಹಾದಿ ಮಾಡಿಕೊಂಡು ಹೋಗಬಲ್ಲುದು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ಜೀಪುಗಳನ್ನು ಜೋಡಿಸತೊಡಗಿತು. ಹಳ್ಳಿಯ ಹಾದಿಗಳಿಗೂ ಅದು ಬಂದಿತು.

ಆದರೆ ದ್ರಾಕ್ಷಿ ಬೆಳೆಯುವವನೊಬ್ಬ ತನ್ನ ಹಳೆಯ ಜೀಪಿನ ಹಿಂದೆ ಕ್ರೇಟುಗಳನ್ನು ಪೇರಿಸಹೊರಟರೆ ಏನು ಕಾಣುತ್ತಾನೆ? ವಾಹನದ ಉದ್ದದಲ್ಲಿ ದೊಡ್ಡ ಪಾಲು ಎಂಜಿನ್ನಿಗೆ ಸಂದಿದೆ. ಉಳಿದುದರಲ್ಲಿ ಆಸನಗಳದ್ದೊಂದು ಪಾಲು. ಸರಕಿಗೆ ದೊರಕುವುದು ಮೊಳಗಳಲ್ಲಿ ಅಳೆಯುವಷ್ಟು ಜಾಗ. ಬಾನೆಟ್ಟನ್ನು ತೆಗೆದುಹಾಕಿ, ಚಾಲಕನನ್ನು ಎಂಜಿನ್ನಿನ ಮಗ್ಗುಲಿಗೆ, ಮುಂಚಕ್ರಗಳ ಮೇಲಕ್ಕೆ ತಂದು ಕೂರಿಸಿದರೆ ಹಿಂದೆ ಉದ್ದನೆಯ ತೊಟ್ಟಿ ಕಟ್ಟಬಹುದಲ್ಲವೆ? ‘ಫಾರ್ವರ್ಡ್ ಕಂಟ್ರೋಲ್’ ಎಂಬ ಹೆಸರಿನ ತಿರುಳು ಇಷ್ಟೆ: ಚುಕ್ಕಾಣಿಯು ಮುಂದಕ್ಕೆ ಸರಿಯುವುದು, ವಾಹನದ ಮೂಗು ಇಲ್ಲವಾಗುವುದು.

ಈ ಯೋಚನೆ ಹೊಸದಲ್ಲ. ಅಮೆರಿಕದ ವಿಲ್ಲಿಸ್ ಸಂಸ್ಥೆಯು ವಿನ್ಯಾಸಕಾರ ಬ್ರೂಕ್ಸ್ ಸ್ಟೀವನ್ಸ್ ಅವರಿಂದ ರೂಪ ಕೊಡಿಸಿ, 1956ರ ಕೊನೆಯಲ್ಲಿ ಎಫ್.ಸಿ.-150 ಎಂಬ ಲಾರಿಯನ್ನು ಹೊರತಂದಿತು. ಅಚ್ಚುಗಳ ಅಂತರ 81 ಅಂಗುಲ, ಹೆಚ್ಚು ಕಡಮೆ ಜೀಪಿನಷ್ಟೇ. ಆದರೂ ಹಿಂದಿನ ತೊಟ್ಟಿ ಆರು ಅಡಿಗೆ ಕಡಮೆಯಿರಲಿಲ್ಲ. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯು 1965ರಲ್ಲಿ ಇದೇ ಎಫ್.ಸಿ.-150ನ್ನು ತಯಾರಿಸಲಾರಂಭಿಸಿತು. ಈ ವಂಶದ ಮೂಗಿಲ್ಲದ ಜೀಪುಗಳು ಮುಂದೆ ಸಣ್ಣ ಬಸ್ಸುಗಳಾಗಿ, ಆಂಬುಲೆನ್ಸುಗಳಾಗಿಯೂ ಬಹುಕಾಲ ಓಡಿದುವು.

ಕಾರ್ಖಾನೆ ಮಾಡಿದುದನ್ನು ಊರಿನ ಗ್ಯಾರೇಜು ಏಕೆ ಮಾಡಬಾರದು? ತಗಡು ಕತ್ತರಿಸಿ ಬೆಸೆಯುವ ಕೈಚಳಕ ನಮ್ಮ ಮೇಸ್ತ್ರಿಗಳಲ್ಲಿ ಧಾರಾಳವಾಗಿಯೇ ಉಂಟು. ತೊಡಕಿರುವುದು ತಗಡಿನಲ್ಲಲ್ಲ, ತೂಕದಲ್ಲಿ. ಚಾಲಕ ಮತ್ತು ಜೊತೆಯವನ ತೂಕ ಒಟ್ಟು 150 ಕಿಲೋ ಎಂದೂ, ಅವರು ಮುಂದಿನ ಅಚ್ಚಿಗೆ 60 ಅಂಗುಲ ಹಿಂದೆ ಕುಳಿತಿದ್ದಾರೆಂದೂ ಇಟ್ಟುಕೊಂಡರೆ, 80 ಅಂಗುಲದ ಬಂಡಿಯಲ್ಲಿ ಆ ಭಾರದ ಮುಕ್ಕಾಲು ಪಾಲು ಹಿಂದಿನ ಅಚ್ಚಿಗೆ ಸೇರುತ್ತದೆ. ಮುಂದಿನ ಅಚ್ಚು ಹೊರುವುದು 38 ಕಿಲೋದಷ್ಟು. ಅವರನ್ನೇ ಮುಂದಿನ ಅಚ್ಚಿಗಿಂತ 10 ಅಂಗುಲ ಮುಂದಕ್ಕೆ ಕೂರಿಸಿದಾಗ ಅದೇ ಅಚ್ಚಿನ ಮೇಲೆ ಸುಮಾರು 169 ಕಿಲೋ ಬೀಳುತ್ತದೆ. 150 ಕಿಲೋ 169 ಆದುದು ಹೇಗೆ? ಅಚ್ಚಿನಾಚೆ ಕುಳಿತ ಭಾರವು ತಕ್ಕಡಿಯ ದಂಡಿಯಂತೆ ಹಿಂಬದಿಯನ್ನು 19 ಕಿಲೋದಷ್ಟು ಮೇಲಕ್ಕೆತ್ತುತ್ತದೆ. ಮೂಕಿ ಎದ್ದ ಚಕ್ಕಡಿಯೇ ಇದು, ತಿರುವುಮುರುವಾಗಿ ನಿಂತಿದೆ ಅಷ್ಟೆ. ತೊಟ್ಟಿ ಬರಿದಾಗಿರುವಾಗ ಬಲವಾಗಿ ಬ್ರೇಕು ಹಾಕಿದರೆ ಇದ್ದ ಭಾರವೂ ಮುಂದಕ್ಕೆ ವಾಲಿ, ಹಗುರಾದ ಹಿಂಚಕ್ರಗಳು ಹಿಡಿತ ತಪ್ಪಿ ಜಾರುತ್ತವೆ.

ಕಾರ್ಖಾನೆಗಳೂ ಈ ಪಾಠವನ್ನು ಪೆಟ್ಟು ತಿಂದೇ ಕಲಿತುವು. ಮುಂಭಾರವನ್ನು ಸರಿದೂಗಿಸಲೆಂದು ವಿಲ್ಲಿಸ್ ಸಂಸ್ಥೆಯವರು ಎಫ್.ಸಿ.-150ರ ಹಿಂಬದಿಯಲ್ಲಿ ಕಬ್ಬಿಣದ ತೂಕವನ್ನೇ ಇಡಬೇಕಾಯಿತು. ಎತ್ತರದ ಆಸನದಿಂದಾಗಿ ಬಂಡಿ ಓಲಾಡುವುದನ್ನು ತಡೆಯಲು, 1958ರ ಮಾದರಿಯಲ್ಲಿ ಎಡಬಲ ಚಕ್ರಗಳ ನಡುವಣ ಅಂತರವನ್ನು ಸುಮಾರು 48 ಅಂಗುಲದಿಂದ 57 ಅಂಗುಲಕ್ಕೆ ಹಿಗ್ಗಿಸಿದರು. ಇಂಗ್ಲೆಂಡಿನ ಲ್ಯಾಂಡ್ ರೋವರ್ ಕಾರ್ಖಾನೆಯು 1962ರಲ್ಲಿ ತನ್ನ 109 ಅಂಗುಲದ ಬಂಡಿಯನ್ನೇ ಆಧಾರವಾಗಿಟ್ಟುಕೊಂಡು ಇಂತಹುದೇ ಲಾರಿಯನ್ನು ಕಟ್ಟಿತು. 1966ರಲ್ಲಿ ಅದೂ ಚಕ್ರಗಳ ಅಂತರವನ್ನು ಅಗಲಿಸಿತು. ಎರಡು ದೇಶ, ಎರಡು ಕಾರ್ಖಾನೆ, ಮದ್ದು ಮಾತ್ರ ಒಂದೇ! ದೊಡ್ಡ ದೊಡ್ಡ ಎಂಜಿನಿಯರುಗಳು ತಿದ್ದಿಕೊಳ್ಳಬೇಕಾಗಿ ಬಂದ ತಪ್ಪನ್ನು ಊರಿನ ಮೇಸ್ತ್ರಿ ಕಣ್ಣಳತೆಯಿಂದಲೇ ತಪ್ಪಿಸಿಕೊಂಡಾನೆಂದು ನಂಬುವುದು ಹೇಗೆ?

ಇನ್ನುಳಿದ ಕೆಲಸಗಳೂ ಹುಡುಗಾಟದವಲ್ಲ. ಓರೆಯಾಗಿದ್ದ ಚುಕ್ಕಾಣಿಯ ಕಂಬವನ್ನು ನೆಟ್ಟಗೆ ನಿಲ್ಲಿಸಿ, ಅದರ ಸಲಾಕೆಗಳನ್ನು ಹೊಸ ಹಾದಿಯಲ್ಲಿ ಕೂಡಿಸಬೇಕು. ಗೇರುಪೆಟ್ಟಿಗೆ ಚಾಲಕನ ಬೆನ್ನ ಹಿಂದೆ ಉಳಿಯುವುದರಿಂದ ಗೇರು ಬದಲಿಸುವ ಕೋಲಿಗೂ ಉದ್ದನೆಯ ಕೊಂಡಿಗಳು ಬೇಕು. ಬ್ರೇಕಿನ ಎಣ್ಣೆಯ ಕೊಳವೆಗಳು ಹೊಸ ಸ್ಥಳಕ್ಕೆ ಹೋಗಬೇಕು. ಎಂಜಿನ್ನು ಮೊಣಕಾಲಿನ ಪಕ್ಕದಲ್ಲೇ ಕುದಿಯುವಾಗ ವಿಜಯಪುರದ ಬೇಸಗೆಯಲ್ಲಿ ಚಾಲಕನ ಪಾಡೇನೆಂಬುದನ್ನೂ ಎಣಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಎದುರಿನಿಂದ ಡಿಕ್ಕಿಯಾದರೆ ಮೊದಲ ಪೆಟ್ಟನ್ನು ತಿನ್ನಲು ಬಾನೆಟ್ಟು ಇರುವುದಿಲ್ಲ. ತೆಳು ತಗಡಿನ ಹಿಂದೆ ಚಾಲಕನ ಕಾಲುಗಳೇ ಇರುತ್ತವೆ.

ಕಾನೂನಿನ ಮಾತು ಬೇರೆಯೇ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. ಕೇರಳದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆಮನೆವಾಸವನ್ನೋ, ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡವನ್ನೋ, ಅಥವಾ ಎರಡನ್ನೂ ಗೊತ್ತುಮಾಡಿತು. ನೋಂದಣಿ ಪತ್ರದಲ್ಲಿ ಜೀಪೆಂದಿರುವುದು ರಸ್ತೆಯಲ್ಲಿ ಲಾರಿಯಾಗಿ ಕಾಣಿಸಿಕೊಂಡರೆ, ಅಪಘಾತದ ದಿನ ವಿಮೆಯ ವಿಷಯದಲ್ಲಿಯೂ ತಕರಾರು ಹುಟ್ಟಬಹುದು. ಆ ದಿನ ಸಂಕಟಕ್ಕೆ ಸಿಕ್ಕುವವನು ಮಾಲೀಕನೊಬ್ಬನೇ ಅಲ್ಲ. ಎದುರಿಗೆ ಬಂದ ಬಡಪಾಯಿಯೂ ಹೌದು.

ಹಾಗಾದರೆ ಹಳೆಯ ಜೀಪಿನ ಒಡೆಯನು ಕೈಕಟ್ಟಿ ಕುಳಿತಿರಬೇಕೆ? ಹಾಗೇನೂ ಇಲ್ಲ. ಗ್ಯಾಸ್ ಕಟ್ಟರಿನ ಉರಿ ಹೊತ್ತುವ ಮೊದಲು ಅವನು ಮಾಡಬಹುದಾದ ಕೆಲಸಗಳು ಎರಡುಂಟು. ವೇಬ್ರಿಡ್ಜಿನ ಮೇಲೆ ಮುಂಚಕ್ರಗಳನ್ನಷ್ಟೇ ನಿಲ್ಲಿಸಿ ಒಮ್ಮೆ, ಹಿಂಚಕ್ರಗಳನ್ನಷ್ಟೇ ನಿಲ್ಲಿಸಿ ಇನ್ನೊಮ್ಮೆ ತೂಗಿಸಲಿ. ಯಾವ ಅಚ್ಚಿನ ಮೇಲೆ ಎಷ್ಟು ಭಾರವಿದೆಯೆಂಬುದು ಅಂಕಿಯಲ್ಲೇ ತಿಳಿಯುವುದು. ಬಳಿಕ ಪ್ರಾದೇಶಿಕ ಸಾರಿಗೆ ಕಚೇರಿಗೆ ಹೋಗಿ, ನೋಂದಣಿ ಪತ್ರವನ್ನು ಮುಂದಿಟ್ಟು, ಯಾವುದಕ್ಕೆ ಅನುಮತಿ ಉಂಟು, ಯಾವುದಕ್ಕೆ ಇಲ್ಲ ಎಂದು ಬರಹದಲ್ಲೇ ಕೇಳಿ ಪಡೆಯಲಿ. ಉತ್ತರ ‘ಇಲ್ಲ’ ಎಂದಾದರೆ ಮನಸ್ಸು ಕುಗ್ಗಬೇಕಾಗಿಲ್ಲ. ಮೂಗಿಲ್ಲದೆಯೇ ಕಾರ್ಖಾನೆಯಲ್ಲಿ ಹುಟ್ಟಿ, ಅದೇ ರೂಪದಲ್ಲಿ ನೋಂದಣಿಯಾಗಿರುವ ಹಳೆಯ ಎಫ್.ಸಿ. ಬಂಡಿಯೊಂದು ಎಲ್ಲಾದರೂ ತುಕ್ಕು ಹಿಡಿದು ನಿಂತಿದ್ದರೆ, ಕಾಗದಪತ್ರಗಳನ್ನು ನೋಡಿಕೊಂಡು ಅದನ್ನು ಜೀರ್ಣೋದ್ಧಾರ ಮಾಡಲಿ. ಮೇಸ್ತ್ರಿಯ ಕೈಚಳಕಕ್ಕೆ ಅಲ್ಲಿಯೂ ಬೇಕಾದಷ್ಟು ಕೆಲಸವಿದೆ. ಮನೆಯ ಜೀಪು ತನ್ನ ಮೂಗನ್ನು ಉಳಿಸಿಕೊಂಡು ಮನೆಯವರನ್ನು ಸುಖವಾಗಿ ಜಾತ್ರೆಗೆ ಕರೆತರಲಿ.