ಖಂಡೋಬ ಗಾಲಿ ಕಾಯುವುದಿಲ್ಲ, ಸ್ವಾಮಿ!

ಪುಣೆಯಲ್ಲಿ ನೆಲೆಸಿದ ನಮ್ಮ ಕಡೆಯವರಿಗೆ ಜೇಜುರಿ ಪರರಾಜ್ಯದ ಊರು ಅಂತ ಅನ್ನಿಸುವುದೇ ಇಲ್ಲ. ಹೂವಿನಹಡಗಲಿ ಸೀಮೆಯ ಮೈಲಾರ, ರಾಣೆಬೆನ್ನೂರು ಹತ್ತಿರದ ದೇವರಗುಡ್ಡದಲ್ಲಿರುವ ಮೈಲಾರಲಿಂಗನೇ ಇಲ್ಲಿ ಖಂಡೋಬ. ಹಡಪಸರ, ದಿವೆ ಘಾಟ್, ಸಾಸವಡ ದಾಟಿದರೆ ಸುಮಾರು 50 ಕಿಲೋಮೀಟರ್. ಊರಿಂದ ಯಾರೇ ಬರಲಿ, ಕಾರು ತೆಗೆದು ಹೊರಡುತ್ತೇವೆ. ಸೋಮವತಿ ಅಮಾವಾಸ್ಯೆಯಂಥ ದಿನವಾದರೆ ಕಾರು ಎಲ್ಲೋ ದೂರದ ಹೊಲದಲ್ಲಿ, ನಾವು ಗುಡ್ಡದ ಮೇಲೆ ಭಂಡಾರದ ಹಳದಿಯಲ್ಲಿ. ನಡುವೆ ಮೂರ್ನಾಲ್ಕು ಗಂಟೆ.

ಈ ಮೂರ್ನಾಲ್ಕು ಗಂಟೆಯ ಬಗ್ಗೆಯೇ ನನ್ನ ತಕರಾರು. "ಗಾಲಿಗೆ ಲಾಕ್ ನಟ್ ಹಾಕಿಸಿದ್ದೀರಾ?" ಅಂತ ಕೇಳಿದರೆ ನಮ್ಮ ಜನ ನಗುತ್ತಾರೆ. "ಖಂಡೋಬನ ಮುಂದ ಯಾರ್ ಕದೀತಾರ್ರೀ ಸಾಹೇಬ್ರ?" ಅನ್ನುತ್ತಾರೆ. ಜೇಜುರಿಯವರನ್ನು ನಾನು ಕಳ್ಳರು ಅನ್ನುತ್ತಿಲ್ಲ. ಗಾಲಿ ಕಳುವು ಹೆಚ್ಚಾಗಿ ಆಗುವುದು ರಾತ್ರಿ ಹೊತ್ತು, ಸೊಸೈಟಿ ಗೇಟಿನ ಹೊರಗೆ ನಿಲ್ಲಿಸಿದ ಕಾರುಗಳಿಗೆ. ಬೆಳಗ್ಗೆ ನೋಡಿದರೆ ಕಾರು ಇಟ್ಟಿಗೆಗಳ ಮೇಲೆ ಕೂತಿರುತ್ತದೆ. ಆದರೆ ಕಣ್ಣಿಗೆ ಕಾಣದ ಜಾಗದಲ್ಲಿ ಗಂಟೆಗಟ್ಟಲೆ ನಿಂತ ಕಾರು ಎಲ್ಲಿದ್ದರೂ ಒಂದೇ. ದೇವರ ಹೊಲವೇ ಆದರೂ ನಟ್ಟು ಬಿಚ್ಚುವ ಪಾನಾ ಅದೇ ತಾನೇ?

ಇದು ಏನು ವಸ್ತು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿ ಗಾಲಿಯಲ್ಲಿ ಇರುವ ನಾಲ್ಕೋ ಐದೋ ನಟ್ಟುಗಳಲ್ಲಿ ಒಂದನ್ನು ತೆಗೆದು ಅದರ ಜಾಗಕ್ಕೆ ಇದನ್ನು ಹಾಕುವುದು. ಇದರ ತಲೆ ಆರು ಮೂಲೆಯದಲ್ಲ, ವಿಚಿತ್ರ ಹೂವಿನಾಕಾರದ ಗೀರು ಇರುತ್ತದೆ. ಅದಕ್ಕೆ ಹೊಂದುವ ಕೀ ಇಲ್ಲದೆ ಮಾಮೂಲಿ ಪಾನಾ ಹಿಡಿಯುವುದಿಲ್ಲ. ನಾಲ್ಕು ಗಾಲಿಗೆ ನಾಲ್ಕು ನಟ್ಟು, ಒಂದು ಕೀ. ಸಂಸಾರ ಸಮೇತ ಒಂದು ಸಲ ಹೋಟೆಲಿನಲ್ಲಿ ಉಂಡು ಬರುವ ಖರ್ಚು, ಅಷ್ಟೇ.

"ಇನ್ಶೂರೆನ್ಸ್ ಇದೆಯಲ್ಲ" ಅನ್ನುವವರು ನನಗೆ ಇನ್ನೂ ಸೋಜಿಗ. ನಾನು ಬಿಕಾಂ ಓದಿ ಬ್ಯಾಂಕಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು, ಲೆಕ್ಕದಲ್ಲೇ ಹೇಳುತ್ತೇನೆ. ನಾಲ್ಕೂವರೆ ವರ್ಷದ ಕಾರು ಅಂತಿಟ್ಟುಕೊಳ್ಳಿ. ನಾಲ್ಕು ಟೈರಿಗೆ 20,000 ರೂಪಾಯಿ, ನಾಲ್ಕು ಅಲಾಯ್‌ಗೆ 32,000 ರೂಪಾಯಿ. ಸಾಮಾನ್ಯ ಪಾಲಿಸಿಯಲ್ಲಿ ಟೈರಿಗೆ ಸವಕಳಿ ಶೇ. 50, ಆ ವಯಸ್ಸಿನ ಕಾರಿನ ಲೋಹದ ಭಾಗಕ್ಕೆ ಶೇ. 35. ಅಂದರೆ 10,000 ಮತ್ತು 11,200 ರೂಪಾಯಿ ನಿಮ್ಮ ಜೇಬಿನಿಂದ. ಸಣ್ಣ ಕಾರಿಗೆ ಕಡ್ಡಾಯ ಕಡಿತ 1,000 ಸೇರಿಸಿ: 22,200. ಇಲ್ಲಿಗೆ ಮುಗಿಯಿತೇ? ಇಲ್ಲ. ಐದು ವರ್ಷ ಕ್ಲೇಮ್ ಮಾಡದಿದ್ದರೆ ಸಿಗುವ ಶೇ. 50ರ ನೋ ಕ್ಲೇಮ್ ಬೋನಸ್ ಸೊನ್ನೆಗೆ ಬಂತು. ಮತ್ತೆ 20, 25, 35, 45 ಅಂತ ಮೆಟ್ಟಿಲು ಹತ್ತಬೇಕು, ಜೇಜುರಿಯ ಹಾಗೆ! ಕಾರಿನ ಸ್ವಂತ ಹಾನಿಯ ಪ್ರೀಮಿಯಂ 12,000 ಅಂತ ಹಾಗೇ ಹಿಡಿದರೂ ಐದು ವರ್ಷದಲ್ಲಿ ಹೋಗುವುದು 15,000. ಒಟ್ಟು 37,200 ರೂಪಾಯಿ. ಆಡ್-ಆನ್ ತಗೊಂಡಿದ್ದರೆ ಲೆಕ್ಕ ಬದಲಾಗಬಹುದು, ಆದರೆ ಅದಕ್ಕೂ ವರ್ಷವರ್ಷ ದುಡ್ಡು ಕಟ್ಟಬೇಕು. ಬರೀ ಥರ್ಡ್ ಪಾರ್ಟಿ ಇದ್ದರಂತೂ ಒಂದು ಪೈಸೆ ಇಲ್ಲ.

ಪೊಲೀಸ್ ಕಂಪ್ಲೇಂಟ್? ಕೊಡಿ, ಕೊಡಲೇಬೇಕು. 2024ರ ಜುಲೈ 1ರಿಂದ ಐಪಿಸಿ 379ರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 303 ಬಂದಿದೆ. ಆನ್‌ಲೈನಿನಲ್ಲಿ ದೂರು ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಆದರೆ ಗಾಲಿಗೆ ಕಾರಿನ ಹಾಗೆ ನೋಂದಣಿ ನಂಬರಿಲ್ಲ. ಹಳೇ ಸಾಮಾನಿನ ಬಜಾರಿಗೆ ಹೋದ ಮೇಲೆ ನನ್ನದು ಯಾವುದು, ನಿಮ್ಮದು ಯಾವುದು? ಪಾರ್ಕಿಂಗ್‌ನವನನ್ನು ಹಿಡಿಯೋಣವೇ? 2019ರಲ್ಲಿ ಸುಪ್ರೀಂ ಕೋರ್ಟು, ದೆಹಲಿಯ ತಾಜ್ ಮಹಲ್ ಹೋಟೆಲಿನ ಕೇಸಿನಲ್ಲಿ, 'ಮಾಲೀಕರ ಜವಾಬ್ದಾರಿ' ಎಂಬ ಚೀಟಿ ತೋರಿಸಿ ಹೋಟೆಲು ತಪ್ಪಿಸಿಕೊಳ್ಳುವಂತಿಲ್ಲ ಎಂದಿದ್ದು ನಿಜ. ಆದರೆ ಅಲ್ಲಿ ಕೀಯನ್ನೇ ವ್ಯಾಲೆಯ ಕೈಗೆ ಕೊಟ್ಟಿತ್ತು. ಹೊಲದ ಬದುವಿನಲ್ಲಿ ಚೀಟಿ ಹರಿಯುವ ಹುಡುಗ ತಾಜ್ ಹೋಟೆಲಲ್ಲ.

"ಕಳ್ಳ ಲಾಕೂ ಒಡೀತಾನೆ" ಅನ್ನುತ್ತೀರಿ. ಒಡೆಯಬಹುದು. ಬಿಗಿಯಾದ ಸಾಕೆಟ್ ಬಡಿದು ಕೂರಿಸಿ ತಿರುಗಿಸುತ್ತಾರೆ. ಅದಕ್ಕೇ ಹೊರಗಿನ ಬಳೆ ಸುಮ್ಮನೆ ಸುತ್ತುವ ಜಾತಿಯ ನಟ್ಟು ಕೊಳ್ಳಿ. ಕಳ್ಳನಿಗೆ ಬೇಕಾದ್ದು ಸದ್ದಿಲ್ಲದ ಕೆಲವು ನಿಮಿಷ. ಅದು ಸಿಗದಿದ್ದರೆ ಸಾಕು. ಮನೆಬಾಗಿಲಿಗೂ ಬೀಗ ಹಾಕುತ್ತೇವೆ, ಬ್ಯಾಂಕಿಗೂ ಹಾಕುತ್ತೇವೆ, ಯಾವ ಬೀಗ ಒಡೆಯಲಾಗದ್ದು ಹೇಳಿ?

ಅಗ್ಗದ ಮಾಲು ಮಾತ್ರ ಕಣ್ಮುಚ್ಚಿ ಹಾಕಿಸಬೇಡಿ. ಮಾರುತಿಯ ಮರೆ 1.25, ಹ್ಯುಂಡೈದು 1.5. ನಟ್ಟು ಕೂರುವ ಜಾಗ ಕೆಲವಕ್ಕೆ ಶಂಕುವಿನಾಕಾರ, ಕೆಲವಕ್ಕೆ ಗುಂಡಗೆ, ಕೆಲವಕ್ಕೆ ಚಪ್ಪಟೆ. ತಪ್ಪು ನಟ್ಟು ಕಳ್ಳನಿಗಿಂತ ಅಪಾಯ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಗನ್ನಿನಿಂದ ಬಿಚ್ಚಲು ಬಿಡಬೇಡಿ, ಕೈಯಿಂದಲೇ ಬಿಚ್ಚಿಸಿ. ಕೀ ಸ್ಟೆಪ್ನಿಯ ಹತ್ತಿರ ಇರಲಿ, ಕೋಡ್ ಚೀಟಿ ಮನೆಯಲ್ಲಿರಲಿ.

ಇನ್ನು ಕಂಪನಿಗಳಿಗೆ ನನ್ನ ಪ್ರಶ್ನೆ. ಅಲಾಯ್ ಗಾಲಿ ತೋರಿಸಿ ಮೇಲಿನ ಮಾಡೆಲ್ ಮಾರುತ್ತೀರಿ. ಆ ಗಾಲಿಗೆ ನಾಲ್ಕು ನಟ್ಟಿನ ಬೀಗ ಕೊಡಲು ಮಾತ್ರ ಕೈ ಬರುವುದಿಲ್ಲವೇ? ನಾನು ಕಾರು ಕೊಂಡ ಶೋರೂಮಿನಲ್ಲಿ ಮ್ಯಾಟು, ಸೀಟ್ ಕವರು, ಕೋಟಿಂಗು ಅಂತ ಉದ್ದ ಪಟ್ಟಿ ಹಿಡಿದರು. ಲಾಕ್ ನಟ್ ಕೇಳಿದರೆ "ಹೊರಗೆ ಸಿಗುತ್ತೆ ಸರ್". ಬಾಗಿಲಿಗೆ ಬೀಗ ಕೊಡುವವರು ಗಾಲಿಗೇಕೆ ಕೊಡಬಾರದು? ಕಾರು ಬುಕ್ ಮಾಡುವಾಗ ಕರ್ಟನ್ನು, ಪರ್ಫ್ಯೂಮು ಪುಕ್ಕಟೆ ಕೇಳುವ ನಾವೂ ಇದನ್ನು ಹಟ ಹಿಡಿದು ಕೇಳಬೇಕು. ಹತ್ತು ಗಿರಾಕಿ ಕೇಳಿದರೆ ಹನ್ನೊಂದನೆಯವನಿಗೆ ತಾವೇ ಕೊಡುತ್ತಾರೆ. ವ್ಯಾಪಾರ ಅಂದರೆ ಅಷ್ಟೇ ಅಲ್ಲವೇ?